ಪದ ಪರಿಚಯ: ಈಳಿಗೆ

ಈಳಿಗೆ ಎಂದರೆ ಮರದ ಮಣೆಗೆ ನೆಟ್ಟಗೆ ಕೂರಿಸಿದ ಬಾಗಿದ ಅಲಗು. ನೆಲದ ಮೇಲೆ ಕುಳಿತು, ಮಣೆಯನ್ನು ಕಾಲಿನಿಂದ ಅದುಮಿ ಹಿಡಿದು ತರಕಾರಿ ಹೆಚ್ಚುವ ಸಾಧನ. ಈಳಿಗೆಮಣೆ ಎಂದೂ ಹೇಳುತ್ತಾರೆ. ಬಳ್ಳಾರಿ, ರಾಯಚೂರಿನ ತೆಲುಗು ಮಾತಿನ ಮನೆಗಳಲ್ಲಿ ಇದೇ ಕತ್ತಿಪೀಟ. ಮಹಾರಾಷ್ಟ್ರ, ತಮಿಳುನಾಡು, ಬಂಗಾಳಗಳಲ್ಲಿಯೂ ಇದರ ಬಂಧುಗಳಿವೆ. ಕುಡಗೋಲು ಹೊಲದ್ದು, ಅಡಕೊತ್ತು ಎಲೆಯಡಿಕೆ ತಟ್ಟೆಯದು, ಈಳಿಗೆ ಅಡುಗೆಮನೆಯದು.

ಚಾಕು ಹಿಡಿದಾಗ ಒಂದು ಕೈ ಅದಕ್ಕೇ ಮೀಸಲು. ಈಳಿಗೆಯಲ್ಲಿ ಅಲಗು ನಿಂತಲ್ಲೇ ನಿಂತಿರುತ್ತದೆ, ಕಾಯಿಯೇ ಅದರ ಬಳಿಗೆ ಹೋಗುತ್ತದೆ. ಎರಡೂ ಕೈಗಳು ಕೆಲಸಕ್ಕೆ ಸಿಗುತ್ತವೆ. ಹಾಗಾಗಿಯೇ ಒಂದೇ ಅಲಗು ಇಷ್ಟೊಂದು ಬಗೆಯ ಕೆಲಸ ಮಾಡುತ್ತದೆ. ಬೆಳಿಗ್ಗೆ ಒಗ್ಗಾಣಿಗೆ ಈರುಳ್ಳಿ, ಮಧ್ಯಾಹ್ನ ಹಿಡಿ ಹಿಡಿಯಾಗಿ ಪುಂಡಿಪಲ್ಯ, ಎಣ್ಣೆಗಾಯಿಗೆ ಬುಡ ಬಿಡದಂತೆ ನಾಲ್ಕಾಗಿ ಸೀಳಿದ ಬದನೆಕಾಯಿ, ತುಂಗಭದ್ರೆಯ ಮೀನು, ಹಬ್ಬದ ಮರುದಿನದ ಮಾಂಸ, ಬೀಜ ತೆಗೆಯಬೇಕಾದ ಹುಣಸೆಹಣ್ಣು. ಕೆಲವು ಈಳಿಗೆಗಳ ತುದಿಯಲ್ಲಿ ಹಲ್ಲುಗಳಿರುವ ದುಂಡನೆಯ ಬಿಲ್ಲೆ ಇರುತ್ತದೆ. ಅದು ತೆಂಗಿನಕಾಯಿ ತುರಿಯಲು.

ಇದರ ನಿಜವಾದ ತಾಕತ್ತನ್ನು ನೋಡಬೇಕಾದರೆ ಬೇಸಿಗೆಯಲ್ಲಿ ಉಪ್ಪಿನಕಾಯಿ ಹಾಕುವ ಮನೆಗೆ ಹೋಗಬೇಕು. ಮಾವಿನಕಾಯಿಯನ್ನು ಗೊರಟೆಯ ಸಮೇತ ಹೋಳು ಮಾಡಬೇಕು. ಸಾಮಾನ್ಯ ಚಾಕು ಗೊರಟೆಗೆ ತಾಗಿದೊಡನೆ ಜಾರುತ್ತದೆ. ಈಳಿಗೆಯ ಮುಂದೆ ಕುಳಿತವರು ಕಾಯಿಯನ್ನು ಎರಡೂ ಅಂಗೈಗಳಿಂದ ಹಿಡಿದು, ಮೈಯ ಭಾರವನ್ನೆಲ್ಲ ಮುಂದಕ್ಕೆ ಹಾಕಿ ಒತ್ತುತ್ತಾರೆ. ಟಕ್ ಎಂದು ಗೊರಟೆ ಸೀಳುತ್ತದೆ. ಎಳೆಯ ಮಗಳಿಗೆ ಈ ಕೆಲಸವನ್ನು ಬೇಗ ಒಪ್ಪಿಸುವುದಿಲ್ಲ. ಅವಳಿಗೆ ಮೊದಲು ಸೊಪ್ಪು, ಆಮೇಲೆ ಹೀರೇಕಾಯಿ. ಮಾವಿನಕಾಯಿ ಕೊಟ್ಟ ದಿನ ಅವಳು ದೊಡ್ಡವಳಾದಳೆಂದೇ ಲೆಕ್ಕ.

ಅಲಗು ಊರಿನ ಕಮ್ಮಾರನ ಕೈಯಲ್ಲಿ ಹುಟ್ಟುತ್ತಿತ್ತು. ಸಂಡೂರಿನ ಬೆಟ್ಟಗಳ ಕಬ್ಬಿಣದ ಅದಿರು ಹೆಸರುವಾಸಿಯಾದರೂ, ಈಗಿನ ಕುಲುಮೆಗಳಿಗೆ ಬರುವುದು ಹೆಚ್ಚಾಗಿ ಗುಜರಿ ಉಕ್ಕು. ಲಾರಿಯ ಹಳೆಯ ಕಮಾನುಪಟ್ಟಿ ಅದರಲ್ಲಿ ಮೇಲು. ಪಟ್ಟಿಯನ್ನು ಕೆಂಪಗೆ ಕಾಯಿಸಿ, ಬಡಿದು, ಬಾಗಿಸಿ, ಅಂಚನ್ನು ನೀರಿನಲ್ಲಿ ಅದ್ದಿ ಗಟ್ಟಿಗೊಳಿಸುತ್ತಾರೆ. ಮಣೆಗೆ ಬೇವು, ಹುಣಸೆ, ಜಾಲಿ, ಅಂದರೆ ನಮ್ಮ ಬಯಲುಸೀಮೆಯಲ್ಲಿ ಕೈಗೆ ಸಿಗುವ ಗಟ್ಟಿ ಮರ. ಹಿಂದೆ ಇಂಥ ಕೆಲಸಕ್ಕೆ ದುಡ್ಡಿನ ಮಾತೇ ಇರಲಿಲ್ಲ. ಸುಗ್ಗಿಯಲ್ಲಿ ಕಣದಿಂದ ಕಮ್ಮಾರನಿಗೆ ಜೋಳದ ಆಯ ಸಲ್ಲುತ್ತಿತ್ತು, ವರ್ಷವಿಡೀ ಆತ ಮನೆಯ ಕಬ್ಬಿಣವನ್ನು ನೋಡಿಕೊಳ್ಳುತ್ತಿದ್ದ.

ಇನ್ನು ಈಳಿಗೆ ಮನೆತನದ ಆಸ್ತಿಯಾಗುವ ಬಗೆ. ನಮ್ಮ ಕಡೆ ಪಾತ್ರೆಗಳ ಮೇಲೆ ಹೆಸರು ಹಾಕಿಸುವ ರೂಢಿ ಇದೆ: ಕೊಟ್ಟವರು ಯಾರು, ಯಾವ ಮದುವೆಗೆ, ಯಾವ ತಾರೀಖು. ಈಳಿಗೆಯ ಮೇಲೆ ಯಾರೂ ಹೆಸರು ಬರೆಸುವುದಿಲ್ಲ. ಆದರೂ ಅದು ಯಾರದೆಂದು ಮನೆಯವರಿಗೆಲ್ಲ ಗೊತ್ತು, ಏಕೆಂದರೆ ಬಳಸಿದವರ ಗುರುತು ಅಲಗಿನಲ್ಲೇ ಉಳಿದಿರುತ್ತದೆ. ನಮ್ಮ ಮನೆಯ ಈಳಿಗೆ ಅಜ್ಜಿಯಿಂದ ಅವ್ವನಿಗೆ ಬಂದದ್ದು. ಮಸೆದು ಮಸೆದು ಅದರ ನಡುಭಾಗ ಒಳಕ್ಕೆ ಸವೆದಿದೆ. ಬುಡದಲ್ಲಿ ಮಾತ್ರ ಅಲಗು ಮೊದಲಿನಷ್ಟೇ ಅಗಲವಾಗಿದೆ. ಅಜ್ಜಿ ಕಾಯಿಯನ್ನು ಯಾವ ಎತ್ತರದಲ್ಲಿ ಹಿಡಿಯುತ್ತಿದ್ದಳು ಎಂಬುದು ಆ ತಗ್ಗಿನಿಂದಲೇ ತಿಳಿಯುತ್ತದೆ. ಮಣೆಯ ಬಲತುದಿಯಲ್ಲಿ ಪಾದ ಊರುವ ಜಾಗ ನುಣುಪಾಗಿದೆ. ಅವ್ವನ ಪಾದವೂ ತಾನಾಗಿ ಅಲ್ಲಿಗೇ ಹೋಗುತ್ತದೆ. ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ಬಂಗಾರಕ್ಕಿಂತ, ದಿನವೂ ತುಸು ತುಸು ಕಡಿಮೆಯಾಗುತ್ತ ಬಂದ ಈ ಕಬ್ಬಿಣದಲ್ಲಿಯೇ ನನಗೆ ಅಜ್ಜಿ ಹೆಚ್ಚು ಕಾಣುತ್ತಾಳೆ. ಅಣ್ಣತಮ್ಮಂದಿರು ಪಾಲಾಗುವಾಗ ಹಂಡೆ, ಕೊಡ, ತಟ್ಟೆ ಎಣಿಸಿ ಹಂಚಿಕೊಳ್ಳಬಹುದು. ಹಳೆಯ ಈಳಿಗೆ ಸಾಮಾನ್ಯವಾಗಿ ತಾಯಿ ಇರುವ ಮನೆಯಲ್ಲೇ ಉಳಿಯುತ್ತದೆ, ಅದಕ್ಕೆ ಪಂಚಾಯಿತಿ ಬೇಕಾಗುವುದಿಲ್ಲ.

ಉತ್ತರ ಕರ್ನಾಟಕದಲ್ಲಿ ಖಂಡೇಪೂಜೆ ಎನ್ನುವ ಮಹಾನವಮಿಯ ಆಯುಧಪೂಜೆಯಲ್ಲಿ ಕುಂಟೆ, ಕುಡಗೋಲು, ಕೊಡಲಿಗಳ ಸಾಲಿನಲ್ಲಿ ಈಳಿಗೆಯೂ ಕೂರುತ್ತದೆ. ತೊಳೆದು, ವಿಭೂತಿ, ಕುಂಕುಮ ಹಚ್ಚಿ, ಹೂ ಏರಿಸುತ್ತಾರೆ. ಪೂಜೆಗಿಟ್ಟದ್ದನ್ನು ಅಂದು ಬಳಸಬಾರದೆಂದು ಅನೇಕ ಮನೆಗಳಲ್ಲಿ ಪಲ್ಯಕ್ಕೆ ಬೇಕಾದದ್ದನ್ನು ಮೊದಲೇ ಹೆಚ್ಚಿಟ್ಟುಕೊಳ್ಳುತ್ತಾರೆ. ಉಳಿದ ದಿನಗಳಲ್ಲಿಯೂ ಅದಕ್ಕೊಂದು ಮರ್ಯಾದೆ ಇದೆ: ದಾಟಬಾರದು, ಕೆಲಸ ಮುಗಿದ ಮೇಲೆ ಅಲಗನ್ನು ಗೋಡೆಗೆ ಮುಖ ಮಾಡಿ ಮಲಗಿಸಬೇಕು. ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ ಈ ನಿಯಮಕ್ಕಿರುವ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಡುಗೆಕಟ್ಟೆ ಬಂದ ಮೇಲೆ ನಿಂತು ಅಡುಗೆ ಮಾಡುವವರೇ ಹೆಚ್ಚು, ಮಂಡಿನೋವಿನವರಿಗೆ ನೆಲದ ಮೇಲೆ ಕೂರುವುದೂ ಕಷ್ಟ. ಹೀಗೆ ಎಷ್ಟೋ ಈಳಿಗೆಗಳು ಅಟ್ಟ ಸೇರಿವೆ, ಕೆಲವು ಗುಜರಿಗೂ ಹೋಗಿವೆ. ಗುಜರಿಗೆ ಹಾಕುವ ಮುನ್ನ ದಯವಿಟ್ಟು ಒಮ್ಮೆ ಕೈಗೆತ್ತಿಕೊಂಡು ನೋಡಿ. ಮೇಲ್ಮೈಯ ತುಕ್ಕು ಹುಣಸೆಹುಳಿ ಹಚ್ಚಿ ತಿಕ್ಕಿದರೆ ಬಿಡುತ್ತದೆ. ತೊಳೆದು, ಪೂರ್ತಿ ಒರೆಸಿ, ಒಂದು ಹನಿ ಅಡುಗೆಎಣ್ಣೆ ಸವರಿ. ಬದನೆಕಾಯಿ ಹೆಚ್ಚಿದಾಗ ಅಲಗು ಕಪ್ಪಾದರೆ ಗಾಬರಿ ಬೇಡ, ಕಾಯಿಯ ಒಗರು ಕಬ್ಬಿಣಕ್ಕೆ ತಾಗಿದರೆ ಹಾಗಾಗುತ್ತದೆ. ಮಣೆ ಸೀಳಿದ್ದರೆ ಬಡಿಗರ ಬಳಿ ಮಣೆಯನ್ನಷ್ಟೇ ಬದಲಿಸಿಕೊಳ್ಳಿ. ಸಾಣೆ ಹಿಡಿಸುವಾಗ ಎದುರಿಗೇ ನಿಂತಿರಿ: ಯಂತ್ರದ ಚಕ್ರಕ್ಕೆ ಬಹಳ ಹೊತ್ತು ಒತ್ತಿದರೆ ಅಂಚು ಕಾದು ನೀಲಿಯಾಗುತ್ತದೆ, ಉಕ್ಕಿನ ಗಟ್ಟಿತನ ಹೋಗುತ್ತದೆ. ಮನೆಯಲ್ಲೇ ಕಲ್ಲಿನ ಮೇಲೆ ನೀರು ಹಾಕಿ ಮಸೆದರೆ ಇನ್ನೂ ಒಳ್ಳೆಯದು.