ಅರೆಸ್ಟ್ ಮೆಮೊದಲ್ಲಿ ಗಂಟೆ ಎಷ್ಟು ಬರೆದಿದೆ?

ಹೋದ ವಾರ ಬುಧವಾರ ಬೆಳಿಗ್ಗೆ ಒಬ್ಬ ಹಿರಿಯರು ಕಲಬುರಗಿ ಕೋರ್ಟ್ ಆವರಣದಲ್ಲಿ ನನಗಾಗಿ ಕಾಯುತ್ತಿದ್ದರು. ಹೊಲದ ಬದುವಿನ ಜಗಳ. ಮಗನನ್ನು ಪೊಲೀಸರು ಒಯ್ದಿದ್ದರು.

"ಕಾಕಾ, ಯಾವಾಗ ಒಯ್ದರು?"

"ಸೋಮವಾರ ಸಂಜಿಮುಂದ ರೀ ಸಾಹೇಬ್ರ. ದೀಪಾ ಹಚ್ಚೋ ಹೊತ್ತು."

ಹುಡುಗನನ್ನು ಕಸ್ಟಡಿಯಲ್ಲೇ ಇಡಲು ಪೊಲೀಸರು ಕೋರ್ಟಿಗೆ ಕೊಟ್ಟ ರಿಮಾಂಡ್ ಅರ್ಜಿಯ ಜೊತೆಗಿದ್ದ ಅರೆಸ್ಟ್ ಮೆಮೊ, ಅಂದರೆ ಬಂಧನದ ವಿವರ ಬರೆಯುವ ಕಾಗದ, ನೋಡಿದೆ. ಬಂಧನದ ಸಮಯ: ಮಂಗಳವಾರ ಮಧ್ಯಾಹ್ನ 1 ಗಂಟೆ. ಕೆಳಗೆ ಸಾಕ್ಷಿ ಅಂತ ಇದೇ ಕಾಕಾನ ಸಹಿ. ಗಂಟೆ ಬರೆದ ಶಾಯಿ ಬೇರೆ, ಉಳಿದ ಬರಹದ ಶಾಯಿ ಬೇರೆ.

"ಸಹಿ ಮಾಡುವಾಗ ಇದು ಬರೆದಿತ್ತಾ?"

"ಅಲ್ಲಿ ಖಾಲಿ ಇತ್ರಿ. ಇಲ್ಲಿ ಹಾಕು ಅಂದ್ರು, ಹಾಕ್ದೆ."

22 ವರ್ಷದಿಂದ ಈ ಮಾತು ಕೇಳುತ್ತಿದ್ದೇನೆ. ಓದಿದವರೂ ಹೀಗೇ ಮಾಡುತ್ತಾರೆ. ಶಿಕ್ಷಕರು ಮಾಡಿದ್ದಾರೆ, ಗ್ರಾಮ ಪಂಚಾಯಿತಿ ಸದಸ್ಯರು ಮಾಡಿದ್ದಾರೆ. ಮಗನ ಮುಖ ನೋಡಿದರೆ ಸಾಕು ಅನ್ನುವ ಗಾಬರಿಯಲ್ಲಿ ಕಾಗದ ಯಾರಿಗೆ ಬೇಕು? ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಸಿಟ್ಟು ಬರುತ್ತದೆ.

ನೋಡಿ, ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಅನ್ನೋದು ಎಲ್ಲರಿಗೂ ಗೊತ್ತು. ಪ್ರಯಾಣಕ್ಕೆ ಬೇಕಾದ ಸಮಯ ಮಾತ್ರ ಲೆಕ್ಕಕ್ಕಿಲ್ಲ. ಆದರೆ ಆ 24 ಗಂಟೆಯ ಎಣಿಕೆ ಎಲ್ಲಿಂದ ಶುರು ಅಂತ ಯಾರೂ ಕೇಳುವುದಿಲ್ಲ. ಕಾಗದದ ಮೇಲೆ ಅದು ಶುರುವಾಗುವುದು ಮೆಮೊದಲ್ಲಿ ಬರೆದ ಗಂಟೆಯಿಂದ. ಅಲ್ಲಿ ಮಂಗಳವಾರ 1 ಗಂಟೆ ಅಂತಿದ್ದರೆ ಬುಧವಾರ ಬೆಳಿಗ್ಗೆ ಹಾಜರುಪಡಿಸಿದ್ದು ಸರಿಯಾಗಿಯೇ ಇದೆ. ಸೋಮವಾರ ಸಂಜೆಯಿಂದ ಆ ಹುಡುಗ ಕಳೆದ 18 ಗಂಟೆ ಯಾವ ದಾಖಲೆಯಲ್ಲೂ ಇಲ್ಲ. ಆ ಹೊತ್ತಿನಲ್ಲಿ ಅವನಿಗೆ ಏನೇ ಆಗಿದ್ದರೂ ಅವನು ಪೊಲೀಸರ ಹತ್ತಿರ ಇರಲೇ ಇಲ್ಲ ಅಂತಾಗುತ್ತದೆ. ಅದಕ್ಕೆ ಸಾಕ್ಷಿಯಾಗಿ ಸಹಿ ಹಾಕಿದ್ದು ಯಾರು? ಅವನ ಅಪ್ಪ. ನಿಮ್ಮ ಸಹಿ ಅಂದರೆ 'ಕಾಗದ ನೋಡಿದೆ' ಅಂತ ಅಲ್ಲ. 'ಈ ದಿನ, ಈ ಗಂಟೆಗೆ ಬಂಧನ ಆಯಿತು' ಅಂತ ನೀವು ಹೇಳಿದ ಹಾಗೆ.

ಈ ಒಂದು ಸಾಲು ಮೆಮೊದಲ್ಲಿ ಸುಮ್ನೆ ಬಂದಿಲ್ಲ. 1987ರ ಡಿಸೆಂಬರ್ 1ರಂದು ಒಡಿಶಾದಲ್ಲಿ ನೀಲಾಬತಿ ಬೆಹೆರಾ ಎಂಬ ತಾಯಿಯ 22 ವರ್ಷದ ಮಗನನ್ನು ಪೊಲೀಸರು ಒಯ್ದರು. ರಾತ್ರಿ ಆಕೆ ಊಟ ಕಟ್ಟಿಕೊಂಡು ಹೋಗಿ ಕೊಟ್ಟು ಬಂದಳು. ಮರುದಿನ ಮಗನ ಹೆಣ ರೈಲು ಹಳಿಯ ಹತ್ತಿರ ಸಿಕ್ಕಿತು. ಬೆಳಗಿನ ಜಾವ 3ಕ್ಕೆ ತಪ್ಪಿಸಿಕೊಂಡು ಓಡಿದ ಅಂತ ಪೊಲೀಸರು ಹೇಳಿದರು. ಆಕೆ ಸುಪ್ರೀಂ ಕೋರ್ಟ್‌ಗೆ ಪತ್ರ ಬರೆದಳು. 1993ರಲ್ಲಿ ಕೋರ್ಟ್ ಆ ಕತೆ ನಂಬದೆ, 1.5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಮರುವರ್ಷ, 1994ರಲ್ಲಿ, ಗಾಜಿಯಾಬಾದಿನಲ್ಲಿ ಒಬ್ಬ ಯುವ ವಕೀಲನನ್ನೇ ವಿಚಾರಣೆಗೆ ಅಂತ ಕರೆಸಿ ದಿನಗಟ್ಟಲೆ ಇಟ್ಟುಕೊಂಡರು. ಮನೆಯವರಿಗೆ ಅವನು ಎಲ್ಲಿದ್ದಾನೆ ಅಂತಲೂ ಗೊತ್ತಿರಲಿಲ್ಲ. ಆ ವಕೀಲನ ಹೆಸರಿನಲ್ಲೇ ಸುಪ್ರೀಂ ಕೋರ್ಟ್‌ಗೆ ಹೋದ ಜೋಗಿಂದರ್ ಕುಮಾರ್ ಪ್ರಕರಣ ಅಂದರೆ ಅದೇ.

ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಮುಖ್ಯಸ್ಥರಾಗಿದ್ದ ಡಿ.ಕೆ. ಬಸು 1986ರಲ್ಲೇ ಲಾಕಪ್ ಸಾವುಗಳ ಬಗ್ಗೆ ಸುಪ್ರೀಂ ಕೋರ್ಟ್‌ಗೆ ಪತ್ರ ಬರೆದಿದ್ದರು. ತೀರ್ಪು ಬಂದಿದ್ದು ಹತ್ತು ವರ್ಷದ ಮೇಲೆ, 1996ರ ಡಿಸೆಂಬರ್ 18ರಂದು. ಅದರಲ್ಲಿ 11 ಸೂಚನೆಗಳಿವೆ. ಬಂಧನದ ಹೊತ್ತಿನಲ್ಲೇ ಮೆಮೊ ಬರೆಯಬೇಕು, ದಿನಾಂಕ ಮತ್ತು ಗಂಟೆ ಇರಬೇಕು, ಮನೆಯವರು ಇಲ್ಲವೇ ಊರಿನ ಗೌರವಸ್ಥರೊಬ್ಬರು ಸಾಕ್ಷಿ ಹಾಕಬೇಕು, ಬಂಧಿತನೂ ಸಹಿ ಮಾಡಬೇಕು. 2010ರ ನವೆಂಬರ್‌ನಲ್ಲಿ ಮೆಮೊ ಕಾನೂನಿನ ಪುಸ್ತಕಕ್ಕೇ ಸೇರಿತು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 36ನೇ ಕಲಂ.

ಪೊಲೀಸರಿಗೆ ಇದು ಗೊತ್ತಿಲ್ಲ ಅಂತಲ್ಲ. ನಮ್ಮ ಊರಿನ ಹುಡುಗನೊಬ್ಬ ನಾಗನಹಳ್ಳಿಯಲ್ಲಿ ತರಬೇತಿ ಮುಗಿಸಿ ಕಾನ್‌ಸ್ಟೆಬಲ್ ಆಗಿದ್ದಾನೆ. 11 ಸೂಚನೆಗಳನ್ನೂ ಪಟಪಟ ಹೇಳುತ್ತಾನೆ. "ಅಣ್ಣಾ, ಕಲಿಸ್ಯಾರ. ಆದ್ರ ರಾತ್ರಿ ಠಾಣ್ಯಾಗ ಇಬ್ಬರೇ ಇರ್ತೀವಿ. ಬರಿಯೋರು ಯಾರು?" ಅಂದ. ಅವನ ಕಷ್ಟವೂ ನಿಜ. ಸರಿಯಾದ ಗಂಟೆ ಬರೆದಿದ್ದರೆ ನಾಳೆ ಸುಳ್ಳು ಆರೋಪ ಬಂದಾಗ ಅವನನ್ನೂ ಅದೇ ಕಾಪಾಡುತ್ತದೆ ಅಂತ ಹೇಳಿ ಕಳಿಸಿದೆ.

ಕಾಕಾನ ವಿಷಯಕ್ಕೆ ಬರುತ್ತೇನೆ. "ಸೋಮವಾರ ರಾತ್ರಿ ನೀವು ಠಾಣೆಗೆ ಹೋಗಿದ್ರಾ?" ಅಂತ ಕೇಳಿದೆ. ಬುತ್ತಿ ಕಟ್ಟಿಕೊಂಡು ಹೋಗಿದ್ದರಂತೆ. ಅಂಗಿ ಜೇಬಿನಿಂದ ತಂಬಾಕಿನ ಚೀಲ, ಅದರ ಜೊತೆ ಮುದುಡಿದ ಒಂದು ಬಸ್ ಟಿಕೆಟ್ ಹೊರಬಂತು. ಮಷೀನಿನಿಂದ ಬಂದ ಟಿಕೆಟ್. ಅಕ್ಷರ ಮಾಸುತ್ತಿತ್ತು. ಬೆಳಕಿಗೆ ಹಿಡಿದರೆ ಸೋಮವಾರದ ದಿನಾಂಕ, ರಾತ್ರಿ 8.52 ಕಂಡಿತು. ಮ್ಯಾಜಿಸ್ಟ್ರೇಟರು ಅದನ್ನು ನೋಡಿದರು, ಹುಡುಗನನ್ನೇ ನೇರವಾಗಿ ಕೇಳಿ ಬರೆದುಕೊಂಡರು, ಠಾಣೆಯಿಂದ ವಿವರಣೆ ಕೇಳಿದರು. ಜಾಮೀನು ಆಮೇಲೆ ಸಿಕ್ಕಿತು. ಟಿಕೆಟ್‌ನಿಂದಲೇ ಸಿಕ್ಕಿತು ಎನ್ನಲಾರೆ. ಪ್ರತಿ ಕೇಸೂ ಬೇರೆ.

ಗಂಟೆಯ ಜಾಗ ಖಾಲಿ ಇದ್ದರೆ ತುಂಬಿಸಿ ಅಂತ ಮೆಲ್ಲಗೆ ಕೇಳಿ. ಜಗಳ ಬೇಡ. ತುಂಬಿಸದಿದ್ದರೆ ನಿಮ್ಮ ಸಹಿಯ ಪಕ್ಕದಲ್ಲಿ ನೀವೇ ದಿನಾಂಕ, ಗಂಟೆ ಬರೆಯಿರಿ. ಓದು ಬಾರದವರು ಹೆಬ್ಬೆಟ್ಟು ಒತ್ತುವ ಮೊದಲು ಶಾಲೆಗೆ ಹೋಗುವ ಮೊಮ್ಮಗಳಿಂದಲಾದರೂ ಓದಿಸಿ. ಠಾಣೆಗಳಲ್ಲಿ ಕ್ಯಾಮೆರಾ ಇರಬೇಕು, ದೃಶ್ಯವನ್ನು ಕನಿಷ್ಠ ಒಂದು ವರ್ಷ ಉಳಿಸಬೇಕು ಅಂತ 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ಬೇಕು ಅಂತ ಅರ್ಜಿ ಹಾಕುವುದಾದರೆ ತಡ ಮಾಡಬೇಡಿ. ವಕೀಲರಿಗೆ ದುಡ್ಡಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ, ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ ಅದು. ಯಾವ ವಕೀಲರಿಗೆ ಫೋನ್ ಮಾಡಿದರೂ ಮಗ ತಪ್ಪು ಮಾಡಿಲ್ಲ ಅನ್ನೋದನ್ನು ಆಮೇಲೆ ಹೇಳಿ. ಅವನನ್ನು ಎಷ್ಟು ಗಂಟೆಗೆ ಒಯ್ದರು ಅಂತ ಮೊದಲು ಹೇಳಿ.