ತಮ್ಮನ ಸಿರಿಂಜ್ ಬೇರೆ ಇದ್ದರೆ ಭಯ ಇಲ್ಲ ಅಲ್ವಾ?

ಪ್ರಶ್ನೆ: ನಾವು ಗದಗದವರು. ಹುಬ್ಬಳ್ಳಿಯಲ್ಲಿ ಓದುವ ನನ್ನ ತಮ್ಮ ಈಚೆಗೆ ಗೆಳೆಯರ ಜೊತೆ ನಶೆಯ ಇಂಜೆಕ್ಷನ್ ಶುರು ಮಾಡಿದ್ದಾನೆ. ಕೇಳಿದರೆ, “ಅಕ್ಕಾ, ನಂದ ಸಿರಿಂಜ್ ಬ್ಯಾರೆ ಐತಿ, ಯಾರ ಸೂಜಿನೂ ಮುಟ್ಟಂಗಿಲ್ಲ” ಅಂತಾನೆ. ಹಾಗಿದ್ದರೆ ಎಚ್‌ಐವಿ ಭಯ ಇಲ್ಲ ಅಲ್ವಾ?

ಉತ್ತರ: ಸೂಜಿ ಬೇರೆ ಇದ್ದರೆ ಅಪಾಯ ತುಂಬ ತಗ್ಗುತ್ತದೆ, ನಿಜ. ಆದರೆ ಪೂರ್ತಿ ಹೋಗುವುದಿಲ್ಲ. ಅವನನ್ನು ಒಂದು ಮಾತು ಕೇಳಿ: ಸೂಜಿ ನಿನ್ನದು, ನೀರು ಯಾರದು?

ಗುಂಪಿನಲ್ಲಿ ಕೂತಾಗ ನಶೆಯ ಮದ್ದು ಕಲಸುವ ನೀರು, ಚಮಚ, ಸೋಸುವ ಹತ್ತಿ ಎಲ್ಲ ಒಂದೇ ಇರುತ್ತದೆ. ಬಳಸಿದ ಸೂಜಿ ಒಮ್ಮೆ ಅದಕ್ಕೆ ತಾಗಿದರೂ ಕಣ್ಣಿಗೆ ಕಾಣದಷ್ಟು ರಕ್ತ ಎಲ್ಲರಿಗೂ ಹಂಚಿಹೋಗುತ್ತದೆ. ಎಚ್‌ಐವಿಗಿಂತ ಸುಲಭವಾಗಿ ಹೀಗೆ ಅಂಟುವುದು ಹೆಪಟೈಟಿಸ್ ಸಿ, ಅಂದರೆ ಯಕೃತ್ತನ್ನು ಮೆಲ್ಲಗೆ ಕೆಡಿಸುವ ರೋಗ. ಸಿರಿಂಜ್‌ನಲ್ಲಿ ಉಳಿದ ರಕ್ತದಲ್ಲಿ ಈ ವೈರಸ್ 63 ದಿನಗಳವರೆಗೂ ಬದುಕಿದ್ದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಸುಮ್ನೆ ನೀರಲ್ಲಿ ತೊಳೆದರೆ ಅದು ಹೋಗುವುದಿಲ್ಲ.

ಹೊಸಬರಿಗೆ ಇನ್ನೊಂದು ತೊಂದರೆ ಇದೆ. ನನ್ನ ಪ್ರಕಾರ ಅದೇ ದೊಡ್ಡದು. ಚುಚ್ಚಿಕೊಳ್ಳಲು ಬರುವುದಿಲ್ಲ, ಹಾಗಾಗಿ ಹಳಬನೊಬ್ಬನ ಮುಂದೆ ಕೈ ಚಾಚುತ್ತಾರೆ. ಅವನು ಮೊದಲು ತಾನು ತೆಗೆದುಕೊಂಡಿರುತ್ತಾನೆ. ಬೆರಳಲ್ಲಿ ಅವನದೇ ರಕ್ತ ಇರಬಹುದು. ಯಾವ ಸಿರಿಂಜ್ ಎತ್ತಿಕೊಂಡ ಅನ್ನುವುದು ಹೊಸ ಹುಡುಗನಿಗೆ ಕಾಣುವುದೂ ಇಲ್ಲ. ಕಂಡರೂ “ಇದು ಹೊಸದಾ?” ಎಂದು ಕೇಳಲು ಸಂಕೋಚ, ಗೆಳೆಯನನ್ನು ನಂಬಲಿಲ್ಲ ಅಂದುಕೊಂಡಾರು ಎಂದು. ಬೇರೆಯವರ ಕೈಯಿಂದ ಚುಚ್ಚಿಸಿಕೊಳ್ಳುವವರಲ್ಲಿ ಎಚ್‌ಐವಿ ಜಾಸ್ತಿ ಎಂದು ಕೆನಡಾದ ವ್ಯಾಂಕೂವರ್‌ನಲ್ಲಿ ನಡೆದ ಅಧ್ಯಯನಗಳು ಹೇಳಿವೆ. ಹಾಗಾಗಿ “ಚುಚ್ಚುವವರು ಯಾರು?” ಎಂದೂ ಕೇಳಿ. ಬೈಯುವ ದನಿಯಲ್ಲಿ ಬೇಡ. ಬೈದರೆ ಮುಂದಿನ ಸಲ ನಿಮಗೂ ಹೇಳುವುದಿಲ್ಲ.

ಮಾತ್ರೆ ಅರೆದು ಚುಚ್ಚಿಕೊಳ್ಳುತ್ತಿದ್ದರೆ ಹೊಸ ಸೂಜಿಯೂ ಕಾಯುವುದಿಲ್ಲ. ಮಾತ್ರೆಯಲ್ಲಿರುವ ಕರಗದ ಪುಡಿ ರಕ್ತನಾಳ ಕಟ್ಟಿಸುತ್ತದೆ. ಚುಚ್ಚಿದ ಕಡೆ ಕೆಂಪಾಗಿ ಊದಿ, ಕೀವು ತುಂಬಿ, ಜ್ವರ ಬಂದರೆ ಹಿಸುಕಬೇಡಿ, ಅವತ್ತೇ ವೈದ್ಯರಿಗೆ ತೋರಿಸಿ.

ಈಗ ಪರೀಕ್ಷೆಯ ಮಾತು. ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಆಸ್ಪತ್ರೆಯಲ್ಲೂ ನಿಮ್ಮೂರಿನ ಸರ್ಕಾರಿ ಆಸ್ಪತ್ರೆಯಲ್ಲೂ ಎಚ್‌ಐವಿ ಪರೀಕ್ಷೆ ಉಚಿತ. ಅವನು ಒಪ್ಪದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಗುಟ್ಟಾಗಿಯೇ ಇರಬೇಕು. 2017ರ ಎಚ್‌ಐವಿ ಕಾಯ್ದೆ ಹೀಗೇ ಹೇಳುತ್ತದೆ. ಇಂದು ಸೋಂಕಿಲ್ಲ ಎಂದು ಬಂದರೂ ಮೂರು ತಿಂಗಳ ನಂತರ ಇನ್ನೊಮ್ಮೆ ಮಾಡಿಸಲಿ, ಏಕೆಂದರೆ ಹೊಸ ಸೋಂಕು ತಕ್ಷಣ ಸಿಗುವುದಿಲ್ಲ. ನಿನ್ನೆಯೋ ಮೊನ್ನೆಯೋ ಬೇರೆಯವರ ಸೂಜಿ ತಗುಲಿದ್ದರೆ ಮಾತ್ರ ಕಾಯಬೇಡಿ. 72 ಗಂಟೆಯೊಳಗೆ ಶುರುಮಾಡಿ 28 ದಿನ ನುಂಗುವ ಔಷಧಿ ಇದೆ, ಅದು ಎಚ್‌ಐವಿಯನ್ನು ತಡೆಯಬಲ್ಲದು. ಬೇಗ ಶುರುವಾದಷ್ಟೂ ಒಳ್ಳೆಯದು.

ರಕ್ತದಿಂದ ಹೀಗೇ ಹರಡುವ ಹೆಪಟೈಟಿಸ್ ಬಿಗೆ ಲಸಿಕೆ ಇದೆ, ಸಿಗೆ ಇಲ್ಲ. ಆದರೆ ಸಿ ಬಂದರೂ ಹೆಚ್ಚಿನವರಿಗೆ ಸುಮಾರು 12 ವಾರದ ಮಾತ್ರೆಯಲ್ಲಿ ವಾಸಿಯಾಗುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಈ ಚಿಕಿತ್ಸೆ ಉಚಿತ.

ನಶೆ ಬಿಡಿಸುವ ಚಿಕಿತ್ಸೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಬಹುದು. ಬರಲು ಅವನಿಗೆ ಮನಸ್ಸಿಲ್ಲದಿದ್ದರೆ ಮೊದಲು ನೀವೇ ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಇಲ್ಲವೇ ನಶೆ ಬಿಡುವ ಸಹಾಯವಾಣಿ 14446ಕ್ಕೆ. ಎರಡೂ ಉಚಿತ.

ಯಾವತ್ತಾದರೂ ಅವನು ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾಗಿ, ತುಟಿ ನೀಲಿಯಾದರೆ 108ಕ್ಕೆ ಕರೆ ಮಾಡಿ. ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಿ, ಆಂಬುಲೆನ್ಸ್ ಬರುವವರೆಗೂ ಪಕ್ಕದಲ್ಲೇ ಇರಿ. ಇದನ್ನು ಅವನ ಗೆಳೆಯರಿಗೂ ಹೇಳಿಡಿ, ಆ ಹೊತ್ತಿಗೆ ಅವನ ಹತ್ತಿರ ಇರುವುದು ಅವರೇ.