ಹಸುವಿನ ಬೆಲೆ ಕಾಗದದ ಮೇಲಿರಲಿ

ಲೆಕ್ಕಪತ್ರಕ್ಕೆಂದು ನನ್ನ ಬಳಿಗೆ ಬರುವ ಹೈನುಗಾರರಲ್ಲಿ ಹೆಚ್ಚಿನವರು ಒಂದೇ ಮಾತು ಹೇಳುತ್ತಾರೆ: "ಹಾಲಿನ ದುಡ್ಡು ಕೃಷಿ ಆದಾಯವಲ್ಲವೇ ಸಾರ್, ಅದಕ್ಕೆಲ್ಲಿಯ ತೆರಿಗೆ?" ಹೊಲವೂ ಹಸುವೂ ಒಂದೇ ಮನೆಯವಾಗಿರುವಾಗ ಹಾಗೆನಿಸುವುದು ಸಹಜ. ಆದರೆ ನೆಲದ ಮೇಲೆ ಉತ್ತು ಬಿತ್ತುವ ಕೆಲಸವಿಲ್ಲದೆ, ಬರೀ ಹೈನುಗಾರಿಕೆ ಕೃಷಿಯಾಗದು ಎಂದು ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿದೆ. ಹಾಲಿನ ಲಾಭ ವ್ಯಾಪಾರದ ಲಾಭ. ಎರಡು ಹಸು ಕಟ್ಟಿಕೊಂಡವರು ಹೆದರಬೇಕಿಲ್ಲ, ಅಷ್ಟರಿಂದಲೇ ಅವರ ಗಳಿಕೆ ತೆರಿಗೆಯ ಮಿತಿ ಮುಟ್ಟುವುದಿಲ್ಲ. ಸಾಲ ಎತ್ತಿ ಇಪ್ಪತ್ತು ಹಸುಗಳ ಕೊಟ್ಟಿಗೆ ಕಟ್ಟಿದವರು ಮಾತ್ರ ಲೆಕ್ಕ ಇಡಲೇಬೇಕು.

ಲೆಕ್ಕ ಇಟ್ಟವರಿಗೆ ಆದಾಯ ತೆರಿಗೆ ಕಾನೂನು ಒಂದು ಆಸರೆಯನ್ನೂ ಕೊಟ್ಟಿದೆ. ಹಾಲಿಗೆಂದು ಕೊಂಡ ಹಸು ಸತ್ತರೆ ಅಥವಾ ಶಾಶ್ವತವಾಗಿ ನಿರುಪಯುಕ್ತವಾದರೆ, ಕೊಂಡ ಬೆಲೆಯಲ್ಲಿ ಅದರಿಂದ ಕೈಗೆ ಬಂದ ಹಣವನ್ನು ಕಳೆದು, ಉಳಿದ ನಷ್ಟವನ್ನು ಆ ವರ್ಷದ ವ್ಯಾಪಾರದ ಲಾಭದಿಂದ ಕಳೆಯಬಹುದು. 80,000 ರೂಪಾಯಿಯ ಹಸು ಸತ್ತು 50,000 ಬಂದಿದ್ದರೆ 30,000 ರೂಪಾಯಿ ಕಡಿತ. (ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವ ಪದ್ಧತಿಯನ್ನು ಆರಿಸಿಕೊಂಡವರಿಗೆ ಇದು ಪ್ರತ್ಯೇಕವಾಗಿ ಸಿಗದು.) ಆದರೆ 80,000 ಕೊಟ್ಟದ್ದಕ್ಕೆ ಪುರಾವೆ ಎಲ್ಲಿದೆ? ಸಂತೆಯಲ್ಲಿ ಟವೆಲಿನಡಿ ಬೆರಳು ಹಿಡಿದು ಕುದುರಿಸಿದ ಬೆಲೆಗೆ ಸಾಕ್ಷಿ ಇರುವುದಿಲ್ಲ.

ಹಾಗಾಗಿ ಬ್ಯಾಂಕಿನ ಮೂಲಕ ಹಣ ಕೊಡಿ, ಒಂದು ಹಾಳೆ ಬರೆಸಿಕೊಳ್ಳಿ. ದಿನಾಂಕ, ಬೆಲೆ, ಮಾರಿದವರ ಹೆಸರು ಮತ್ತು ಊರು, ಎಷ್ಟನೇ ಸೂಲು (ಎಷ್ಟನೇ ಕರು), ಬಣ್ಣ, ಕೊಂಬಿನ ಗುರುತು, ಕಿವಿಯೋಲೆಯ (ಗುರುತಿಗೆಂದು ಹಸುವಿನ ಕಿವಿಗೆ ಹಾಕುವ ಬಿಲ್ಲೆಯ) ಹನ್ನೆರಡು ಅಂಕಿಗಳು. "ಹೊತ್ತಿಗೆ ಹತ್ತು ಲೀಟರ್ ಕೊಡುತ್ತದೆ" ಎಂದು ಮಾರುವವರು ಹೇಳಿದ್ದರೆ ಆ ಮಾತೂ ಅದರಲ್ಲಿರಲಿ. ವ್ಯಾಪಾರ ಮುಗಿದು ಹಸು ನಿಮ್ಮದಾದ ಮೇಲೆ ದಾರಿಯಲ್ಲಿ ಬಿದ್ದರೂ, ಬೇರೆ ಕರಾರು ಇಲ್ಲದಿದ್ದರೆ, ನಷ್ಟ ಸಾಮಾನ್ಯವಾಗಿ ನಿಮ್ಮದೇ. ಸಾಗಿಸುವಾಗ ಪಶುವೈದ್ಯರ ಪ್ರಮಾಣಪತ್ರವೂ ಜೊತೆಗಿರಬೇಕು. ಕರ್ನಾಟಕದಲ್ಲಿ 2020ರ ಗೋಹತ್ಯೆ ಪ್ರತಿಬಂಧಕ ಕಾಯ್ದೆ ಬಂದ ಮೇಲೆ ದಾರಿಯಲ್ಲಿ ಪ್ರಶ್ನೆಗಳು ಹೆಚ್ಚಿವೆ. ಸಾಕುವುದಕ್ಕೇ ಕೊಂಡೆ ಎನ್ನಲು ಈ ಹಾಳೆಯೇ ಆಧಾರ.

ವಿಮೆಯ ಜೀವ ಕಿವಿಯೋಲೆಯಲ್ಲಿದೆ. ಅದು ಬಿದ್ದುಹೋದ ದಿನವೇ ವಿಮಾ ಕಂಪನಿಗೆ ಬರೆದು ತಿಳಿಸಿ, ಹೊಸದನ್ನು ಹಾಕಿಸಿ. ಹಸು ಸತ್ತರೆ ವೈದ್ಯರು ಮರಣೋತ್ತರ ಪರೀಕ್ಷೆ ಮಾಡುವ ಮೊದಲು ಹೂಳಬೇಡಿ.

ಕೊಟ್ಟಿಗೆಯ ಲೆಕ್ಕವನ್ನು ಹಸುವಾರು ಬರೆಯಬೇಕು. ಬೆದೆಗೆ ಬಂದ ದಿನ, ಗಬ್ಬ ಕಟ್ಟಿದ ದಿನ, ಕರು ಹಾಕಿದ ದಿನ, ತಿಂದ ಹಿಂಡಿ. ಕರು ಹಾಕುವ ಮುನ್ನ ಎರಡು ತಿಂಗಳು ಹಾಲು ಬತ್ತಿಸುವುದು ಸರಿಯಾದ ಕ್ರಮ. ಆದರೆ ಗಬ್ಬ ನಿಲ್ಲದೆ ತಿಂಗಳುಗಟ್ಟಲೆ ಬರಿದೇ ನಿಂತ ಹಸುವಿನ ಮೇವಿನ ಖರ್ಚನ್ನು ಪಕ್ಕದ ಹಸುವಿನ ಹಾಲು ತುಂಬುತ್ತಿರುತ್ತದೆ. ಒಟ್ಟು ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ನಸುಕಿನಲ್ಲಿ ಎದ್ದು ಹಾಲು ಕರೆದು, ಸಗಣಿ ಬಾಚಿ, ಡೇರಿಗೆ ಕ್ಯಾನು ಒಯ್ಯುವವರು ಬಹುಪಾಲು ಹೆಂಗಸರು. ಅವರ ದುಡಿಮೆಗೆ ನಿಮ್ಮ ಪುಸ್ತಕದಲ್ಲಿ ಕೂಲಿ ಬರೆಯದಿದ್ದರೆ ಲೀಟರಿಗೆ ಬೀಳುವ ನಿಜವಾದ ಖರ್ಚು ತಿಳಿಯುವುದಿಲ್ಲ. ಹಸು, ವಿಮೆ, ಡೇರಿ ಸದಸ್ಯತ್ವ, ಹಾಲಿನ ಹಣ ಬೀಳುವ ಖಾತೆ ಈ ನಾಲ್ಕೂ ಒಂದೇ ಹೆಸರಿನಲ್ಲಿದ್ದರೆ ಪರಿಹಾರ ಪಡೆಯುವಾಗ ಅಲೆದಾಟ ತಪ್ಪುತ್ತದೆ. ಆ ಹೆಸರು ಅವರದೇ ಆಗಲಿ ಎಂಬುದು ನನ್ನ ಸಲಹೆ.